ಸಂದಿಯಲ್ಲಿ ಎದ್ದ ಗೋಡೆ

ನನ್ನ ಅಪ್ಪ ಸಂದಿಯನ್ನು ಟೇಪು ಹಿಡಿದು ಅಳೆಯುವವನಲ್ಲ. ಎರಡು ಮನೆಗಳ ನಡುವೆ ಹೋಗಿ ನಿಂತು ಎರಡೂ ಕೈ ಚಾಚುತ್ತಾನೆ. ಅಂಗೈಗಳು ಆಚೀಚೆಯ ಗೋಡೆಗಳಿಗೆ ತಾಗಿದ ಮೇಲೂ ಮೊಣಕೈ ಬಾಗಿಯೇ ಇದ್ದರೆ ಅವನಿಗೆ ಸಮಾಧಾನ. ಪುಣೆಯ ಕಾತ್ರಜದ ಗುಡ್ಡದ ಬದಿಯಲ್ಲಿ ಅವನು ಕೆಲಸ ಹಿಡಿದಿದ್ದ ಮನೆಯ ಸಂದಿಯಲ್ಲೂ ಹಾಗೇ ನಿಂತು, ನನ್ನ ಕಡೆ ತಿರುಗಿ, "ನೋಡಿದಿಲ್ಲೋ? ಇದರಾಗ ಬೀಳಾಕ ಜಾಗಾನ ಇಲ್ಲ," ಎಂದ.

ಗೋಡೆ ಕಟ್ಟುವ ಗೌಂಡಿಗಳಲ್ಲಿ ಇದೊಂದು ನಂಬಿಕೆ. ಬಯಲಿನಲ್ಲಿ ಬಿದಿರಿನ ಪರಾಂಚಿ ಕಟ್ಟಿ ಅದರ ಮೇಲೆ ನಿಲ್ಲುವಾಗ ಕಾಲು ನೋಡಿಕೊಂಡು ನಿಲ್ಲುವ ಜನ, ಸಂದಿಯಲ್ಲಿ ಎರಡು ಬಿದಿರು ಅಡ್ಡ ಸಿಕ್ಕಿಸಿ ಅದರ ಮೇಲೊಂದು ಹಲಗೆ ಹಾಸಿಕೊಂಡರೆ ಮನೆಯ ಕಟ್ಟೆಯ ಮೇಲೆ ಕೂತಷ್ಟು ಆರಾಮಾಗಿರುತ್ತಾರೆ. ಬೆನ್ನಿಗೊಂದು ಗೋಡೆ, ಎದೆಗೊಂದು ಗೋಡೆ, ಬೀಳುವುದಾದರೂ ಎಲ್ಲಿಗೆ? "ಸಂದ್ಯಾಗ ಬಿದ್ದಾಂವ ಇಲ್ಲ" ಎನ್ನುವುದನ್ನು ನಾನು ಸಣ್ಣವಳಿದ್ದಾಗಿನಿಂದ ಕೇಳಿದ್ದೇನೆ. ಊಟದ ಹೊತ್ತಿಗೆ ಒಬ್ಬರು ಅದನ್ನು ಹೇಳುತ್ತಾರೆ, ಉಳಿದವರು ರೊಟ್ಟಿ ಮುರಿಯುತ್ತಾ ತಲೆಯಾಡಿಸುತ್ತಾರೆ. ಉಳಿದವರಿಗೆ ಅದು ಗಾದೆ. ವಾದವಿವಾದ ಸ್ಪರ್ಧೆಗಳಲ್ಲಿ ಪಳಗಿದ ನನಗೆ ಅದು ಬರೀ ಒಂದು ಹೇಳಿಕೆ. ಹೇಳಿಕೆ ಅಂದ ಮೇಲೆ ಆಧಾರ ಕೇಳಬೇಕಲ್ಲ?

ಮನೆಯ ಮಾಲೀಕರು ಬೆಳಗಾವಿ ಕಡೆಯವರು, ಸ್ವಾರಗೇಟದ ಹತ್ತಿರ ಅವರದೊಂದು ಅಂಗಡಿ. ಇದ್ದ ಮನೆಯ ಮೇಲೆ ಒಂದು ಮಹಡಿ ಏರಿಸುತ್ತಿದ್ದರು. ಕಂಬ, ತೊಲೆ, ಮೇಲಿನ ಸ್ಲ್ಯಾಬು ಮುಗಿದಿದ್ದವು. ಗೋಡೆಗಳಷ್ಟೇ ಬಾಕಿ. ಬೀದಿ, ಹಿತ್ತಲು, ಮೆಟ್ಟಿಲ ಕಡೆಯ ಗೋಡೆಗಳಲ್ಲಿ ಯಾವ ತಕರಾರೂ ಇರಲಿಲ್ಲ. ತಕರಾರಿದ್ದದ್ದು ಪಕ್ಕದ ಮನೆಯ ಕಡೆಗಿನದು. ಅದನ್ನು ಒಳಗೆ ನಿಂತು ಕಟ್ಟಬಹುದು. ಆದರೆ ಅದರ ಹೊರಮೈಗೆ ಸಿಮೆಂಟಿನ ಗಿಲಾವು ಬಳಿಯಬೇಕಾದರೆ ಸಂದಿಯಲ್ಲೇ ನಿಲ್ಲಬೇಕು. ಸಂದಿಯ ನೆಲದಲ್ಲಿ ಪಕ್ಕದ ಮನೆಯ ಪೈಪುಗಳು, ಒಡೆದ ಕಲ್ಲುಗಳು. ಕೆಳಗಿನಿಂದ ಪರಾಂಚಿ ಎಬ್ಬಿಸಲು ಕಾಲೂರುವ ಜಾಗವಿಲ್ಲ. ಹಾಗಾಗಿ ಎರಡು ಗೋಡೆಗಳ ನಡುವೆ ಬಿದಿರು ಸಿಕ್ಕಿಸಿ, ಹಲಗೆ ಹಾಕಿ, ಗೋಡೆ ಏರಿದಂತೆಲ್ಲ ಹಲಗೆಯನ್ನೂ ಏರಿಸುತ್ತಾ ಹೋಗುವುದು ಅಪ್ಪನ ಯೋಜನೆ. ಶನಿವಾರ ಒಳಗಿನಿಂದ ತೊಡೆ ಮಟ್ಟದವರೆಗೆ ಇಟ್ಟಂಗಿ ಕಟ್ಟಿ ಬಂದಿದ್ದ. ಸೋಮವಾರ ಬೆಳಿಗ್ಗೆ ಸಂದಿಗಿಳಿಯುವವನಿದ್ದ. ನನಗಿದ್ದದ್ದು ಭಾನುವಾರ ಒಂದೇ.

ಭಾನುವಾರ ಸಂಜೆ ಅವ್ವ ರೊಟ್ಟಿ ಬಡಿಯುತ್ತಿದ್ದಾಗ ನಾನು ಶುರು ಮಾಡಿದೆ. ನಮ್ಮದು ಒಂದೇ ಖೋಲಿಯ ಮನೆ, ವಾದ ಮಾಡುವವರು, ಕೇಳುವವರು, ರೊಟ್ಟಿ ಬಡಿಯುವವರು ಎಲ್ಲರೂ ಅಲ್ಲಲ್ಲೇ.

"ಬೆಲ್ಟ್ ಹಾಕ್ಕೋತೀನಲ್ಲ, ಮತ್ತೇನು?" ಎಂದ ಅಪ್ಪ. ಹಿಂದೆ ತಳೇಗಾಂವದ ಕಡೆ ಒಂದು ದೊಡ್ಡ ಸೈಟಿನಲ್ಲಿ ಕೆಲಸ ಮಾಡಿದಾಗ ಸಿಕ್ಕ ಬೆಲ್ಟು ಅದು. ಮೊಳೆಗೆ ತೂಗುಹಾಕಿತ್ತು.

"ಅದರ ಕೊಕ್ಕಿ ಯಾವುದಕ್ಕ ಸಿಗಿಸ್ತಿ?"

"ಬಂಬಿಗೆ." ಬಿದಿರಿಗೆ ನಮ್ಮಲ್ಲಿ ಹಾಗೇ ಅನ್ನುತ್ತಾರೆ.

"ನೀ ನಿಂತಿರ್ತೀಯಲ್ಲ, ಅದ ಬಂಬಿಗೇನು?"

"ಮತ್ತ? ಆಕಾಶಕ್ಕ ಸಿಗಿಸ್ಲಿ?"

"ಬಂಬ ಬಿತ್ತಂದ್ರ ಬೆಲ್ಟ್ ನಿನ್ನ ಹಿಡೀತದೋ, ನೀನ ಬೆಲ್ಟ್ ಹಿಡ್ಕೊಂಡು ಇಳೀತಿಯೋ?"

ಅವ್ವ ಹಂಚಿನ ಕಡೆ ಮುಖ ಮಾಡಿಕೊಂಡೇ ನಕ್ಕಳು. ಅಪ್ಪನಿಗೆ ಅದು ಹಿಡಿಸಲಿಲ್ಲ. "ಇಷ್ಟ ವರ್ಷ ಸಂದ್ಯಾಗ ಕೆಲಸ ಮಾಡೀನಿ. ನಿನ್ನ ಮುಂದ ಕುಂತೀನಿಲ್ಲೋ?"

"ಅದನ್ನ ನಾ ಹೇಳಾಕ ಹತ್ತೀನಿ. ಕುಂತಾವ್ರಷ್ಟ ಮಾತಾಡ್ತೀರಿ. ಬಿದ್ದಾಂವ ಬಂದು, ಅಪ್ಪಾ ನಾ ಬಿದ್ದೀನಿ ನೋಡು, ಸಂದಿ ಬ್ಯಾಡ ಅಂತ ಹೇಳ್ತಾನೇನು?"

ಅದರಲ್ಲಿ ನಾನು ಗೆದ್ದೆ ಅಂದುಕೊಂಡೆ. ಆದರೆ ಅಪ್ಪ ನನ್ನ ಸ್ಪರ್ಧೆಗಳನ್ನು ಹಿಂದಿನ ಸಾಲಿನಲ್ಲಿ ಕೂತು ನೋಡಿದವನು. ಅರ್ಥವಾದದ್ದು ಅರ್ಧವಾದರೂ ಆಟದ ನಿಯಮ ಅವನಿಗೆ ಗೊತ್ತು. "ಅಲ್ಲವಾ, ನೀವು ಯಾವ ಕಡಿ ಮಾತಾಡ್ಬೇಕಂತ ಚೀಟಿ ಎತ್ತತೀರಿಲ್ಲೋ? ನಾಳೆ ಚೀಟಿ ಆ ಕಡಿದು ಬಂತಂದ್ರ, ಸಂದ್ಯಾಗ ನಿಂದ್ರೂದು ಭಾಳ ಛಲೋ ಅಂತ ಇದಕ್ಕಿಂತ ಜೋರಲೇ ಮಾತಾಡಾಕಿ ನೀ. ನಿನ್ನ ಮಾತಿಗೆ ನಾ ಕೆಲಸ ಬಿಡ್ಲೇನು?"

ಚೀಟಿ ಎತ್ತಿ ಪಕ್ಷ ಹಿಡಿಯುವವರ ಪ್ರಾಮಾಣಿಕತೆಯನ್ನು ಯಾರು ಬೇಕಾದರೂ ಹೀಗೆ ಪ್ರಶ್ನಿಸಬಹುದು, ನಾನೇ ಎಷ್ಟೋ ಸಲ ಪ್ರಶ್ನಿಸಿಕೊಂಡಿದ್ದೇನೆ. ಅದಕ್ಕೇ ನಾನು ಅಲಂಕಾರ ಬಿಟ್ಟು ನನಗೆ ನಿಜವಾಗಿ ಹೆದರಿಕೆಯಿದ್ದ ಒಂದೇ ವಿಷಯಕ್ಕೆ ಬಂದೆ. ಸಂದಿಯಲ್ಲಿ ಬಿದಿರು ನಿಲ್ಲುವುದು ಎರಡೂ ಕಡೆಯ ಗೋಡೆಗಳನ್ನು ಒತ್ತಿ. ಸಡಿಲವಿದ್ದರೆ ಜಾರುತ್ತದೆ, ಆದ್ದರಿಂದ ಸುತ್ತಿಗೆಯಿಂದ ಬಡಿದು ಬಿಗಿ ಮಾಡುತ್ತಾರೆ. ಒಂದು ತುದಿ ಪಕ್ಕದ ಮನೆಯ ಹಳೆಯ ಗೋಡೆಗೆ, ಅದೇನೋ ಸರಿ. ಇನ್ನೊಂದು ತುದಿಯನ್ನು ಕೆಳಮನೆಯ ಹಳೆಯ ಗೋಡೆಗೆ ಕೊಟ್ಟರೆ ಅದೂ ಸರಿ. ಆದರೆ ಕೈ ಮೇಲಿನವರೆಗೆ ಎಟುಕಬೇಕಾದರೆ ಹಲಗೆ ಹೊಸ ಗೋಡೆಯ ಮಟ್ಟಕ್ಕೇ ಬರಬೇಕು. ಅಂದರೆ ಶನಿವಾರ ಕಟ್ಟಿದ ಗೋಡೆಯನ್ನು ಬಿದಿರು ಒತ್ತುತ್ತದೆ, ಆ ಬಿದಿರಿನ ಮೇಲೆ ಅಪ್ಪ.

"ಹಸಿ ಗ್ವಾಡಿಗೆ ಬಂಬ ಕೊಡ್ತೀಯಲ್ಲ, ಅದು ಹಿಂದ ಸರದ್ರ?"

"ಹಸಿ ಗ್ವಾಡಿ ಅಂದ್ರ ಮೊಸರೇನು? ಎರಡ ರಾತ್ರಿ ಆಗಿರ್ತದ."

"ಸಾಕಾಗ್ತದೇನು?"

"ಆಗ್ತದ."

"ಯಾರಿಗೆ ಗೊತ್ತು?"

"ನನಗ ಗೊತ್ತು."

ಆ ಗೋಡೆ ಎಷ್ಟು ಒತ್ತಡ ತಡೆಯುತ್ತದೆಂದು ನನಗೆ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ, ಅವನ ದನಿಯಲ್ಲೇ ಅದು ಕೇಳುತ್ತಿತ್ತು. ಆದರೆ ಗೊತ್ತಿಲ್ಲದ್ದರ ಮೇಲೆ ಹತ್ತಿ ನಿಲ್ಲಬೇಕಾದವನು ಅವನು. ರೊಟ್ಟಿ ಆರುತ್ತಿತ್ತು. ಅವ್ವ, "ಉಣ್ಣ್ರಿ ಮೊದಲ," ಎಂದಳು. ಅಲ್ಲಿಗೆ ಭಾನುವಾರ ಮುಗಿಯಿತು.

ಸೋಮವಾರ ಕಾಲೇಜಿಗೆ ರಜೆಯಿತ್ತು. ನಾನೂ ಅಪ್ಪ ಅವ್ವನ ಹಿಂದೆ ಹೋದೆ. ಅಪ್ಪ ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಮೇಲೆ ಹೋಗಿ ಶನಿವಾರದ ಗೋಡೆಯ ಮೇಲಿಂದ ಬಗ್ಗಿ, ಎರಡು ಬಿದಿರುಗಳನ್ನು ಸಂದಿಗೆ ಅಡ್ಡವಾಗಿ ಇಳಿಸಿ, ಸುತ್ತಿಗೆಯಿಂದ ಬಡಿದು ಕೂರಿಸಿದ. ಪ್ರತಿ ಏಟಿಗೂ ನನ್ನ ಹಲ್ಲು ಕಚ್ಚಿಕೊಳ್ಳುತ್ತಿತ್ತು. ಆಮೇಲೆ ಹಲಗೆ ಹಾಸಿದ. ಅಷ್ಟರಲ್ಲಿ ಮಾಲೀಕರು ಸ್ಕೂಟರಿನಲ್ಲಿ ಬಂದರು.

"ಮಿಸ್ತ್ರಿ, ಹೊರಗಿನ ಗಿಲಾವು ಮಾತ್ರ ಬಿಡಬ್ಯಾಡ್ರಿ," ಎಂದು ಕೆಳಗಿನಿಂದಲೇ ಕೂಗಿದರು. "ಮಳಿ ಬಂತಂದ್ರ ಈ ಸಂದ್ಯಾಗ ನೀರು ಬಡದು ಬಡದು ಒಳಗೆಲ್ಲಾ ಹಸಿ ಹಿಡೀತದ. ಕೆಳಗಿನ ಖೋಲಿ ನೋಡ್ರಿ, ಬಣ್ಣ ಹೆಂಗ ಉದರ್ಯದ."

ನಾನು ಹೋಗಿ ನೋಡಿದೆ. ಅವರ ಮಾತು ನಿಜ, ಗೋಡೆಯ ಬಣ್ಣ ಹಪ್ಪಳದಂತೆ ಎದ್ದಿತ್ತು. ಎದುರಾಳಿಯ ಮಾತು ನಿಜವಾಗಿದ್ದರೆ ಒಪ್ಪಿಕೊಂಡು ಮುಂದೆ ಹೋಗಬೇಕು, ಅದನ್ನು ತಿರುಚಲು ಹೋದರೆ ಸೋಲು ಖಾತ್ರಿ. "ಸಾವ್ಕಾರ್ರ, ನೀವು ಹೇಳೂದು ಖರೆ," ಎಂದೆ. "ಒಂದ ಪ್ರಶ್ನಿ ಕೇಳ್ಲೇನ್ರಿ? ನಿಮಗ ಬೇಕಾಗಿದ್ದು ಹೊರಗ ಗಿಲಾವೋ, ಒಳಗ ಒಣಾ ಗ್ವಾಡಿಯೋ?"

"ಎರಡೂ ಒಂದ ಅಲ್ಲೇನವಾ?"

"ಒಂದ ಅಲ್ರಿ."

"ಹಂಗಾದ್ರ ಗಿಲಾವು ಇಲ್ದ ಗ್ವಾಡಿ ಹೆಂಗ ಒಣಾ ಇರ್ತದ, ಅದನ್ನೂ ನೀನ ಹೇಳಿಬಿಡು, ತಂಗಿ."

ಅವರು ನಕ್ಕರು, ಕೆಟ್ಟ ನಗೆಯಲ್ಲ. "ವಕೀಲಕಿ ಕಲಿಯಾಕ ಹತ್ತೀಯೇನು?" ಎಂದು ಕೇಳಿದರು. ಮೇಲೆ ಅಪ್ಪ ಬೆಲ್ಟು ಬಿಗಿದುಕೊಳ್ಳುತ್ತಿರುವುದು ಕಾಣುತ್ತಿತ್ತು.

ಈ ನಡುವೆ ಅವ್ವ ಸಿಮೆಂಟು, ಉಸುಕಿನ ಮಾಲು ಕಲೆಸಿ ಮುಗಿಸಿದ್ದಳು. ನಮ್ಮ ಕಡೆಯಿಂದ ಪುಣೆಗೆ ಬಂದ ಗೌಂಡಿಗಳಲ್ಲಿ ಗಂಡ ಕಟ್ಟುತ್ತಾನೆ, ಹೆಂಡತಿ ಮಾಲು ಕಲೆಸಿ ಕೊಡುತ್ತಾಳೆ; ಕೆಲಸಕ್ಕೆ ಕರೆಯುವವರೂ "ಜೋಡಿ ಬೇಕು" ಎಂದೇ ಕರೆಯುತ್ತಾರೆ. ಅಪ್ಪನದು ಇನ್ನೂ ಒಂದು ಕೈ ಮೇಲೆ. ಬೇರೆಯವರು ಕಲೆಸಿದ ಮಾಲು ಅವನ ಕರಣಿಗೆ ಒಗ್ಗುವುದಿಲ್ಲ. ನೀರಾಯಿತು ಅನ್ನುತ್ತಾನೆ, ಉಸುಕಾಯಿತು ಅನ್ನುತ್ತಾನೆ, ಕೊನೆಗೆ ಕೈ ಕಟ್ಟಿ ಕೂರುತ್ತಾನೆ. ಗೋಡೆ ತಗ್ಗಿದ್ದಾಗ ಅವ್ವ ಒಳಗಿನಿಂದಲೇ ಅವನಿಗೆ ಮಾಲು ದಾಟಿಸಬಹುದು. ಗೋಡೆ ಏರಿ ತೊಲೆಯನ್ನು ಮುಟ್ಟಿದ ಮೇಲೆ ದಾಟಿಸಲು ಜಾಗವೇ ಇರುವುದಿಲ್ಲ, ಕೆಳಗೆ ಸಂದಿಯಲ್ಲಿ ನಿಂತು ಹಗ್ಗಕ್ಕೆ ಪುಟ್ಟಿ ಕಟ್ಟಿ ಕಳಿಸಬೇಕು. ಹಗ್ಗ ಸರಿಯಾಗಿ ಬರುತ್ತದೋ ಇಲ್ಲವೋ ಮೊದಲೇ ನೋಡಿಬಿಡೋಣ ಎಂದು ಅವ್ವ ಸೆರಗು ಸಿಗಿಸಿಕೊಂಡು, ಅಡ್ಡಡ್ಡ ನಡೆಯುತ್ತಾ ಸಂದಿಯೊಳಗೆ ಹೋದಳು. ನಾನು ಸಂದಿಯ ಬಾಯಲ್ಲಿ ನಿಂತಿದ್ದೆ.

"ಹಗ್ಗ ಬಿಡ್ಲೇನು?" ಎಂದ ಅಪ್ಪ ಮೇಲಿನಿಂದ.

ಅವ್ವ ಅಲ್ಲೇ ನಿಂತಳು. ಕತ್ತೆತ್ತಿ ಹಲಗೆಯ ಅಡಿಯನ್ನೇ ನೋಡುತ್ತಿದ್ದಳು. ಅದು ನೇರ ಅವಳ ತಲೆಯ ಮೇಲಿತ್ತು.

"ಅಲ್ರಿ, ಮ್ಯಾಲಿಂದ ಏನರೆ ಬಿದ್ರ ನಾ ಎಲ್ಲಿ ಸರೀಬೇಕು?"

"ಏನೂ ಬೀಳೂದಿಲ್ಲ."

"ಬಿದ್ರ ಅಂತ ಕೇಳಿದೆ."

"ಈ ಕಡಿ ಸರಿ."

"ಈ ಕಡಿ ಪೈಪ್ ಅದ."

"ಆ ಕಡಿ."

"ಆ ಕಡಿ ಗ್ವಾಡಿ. ಈ ಕಡೀನೂ ಗ್ವಾಡಿ. ನೀವ ಹೇಳ್ತೀರಲ್ಲ, ಬೀಳಾಕ ಜಾಗಾ ಇಲ್ಲಂತ. ಸರಿಯಾಕೂ ಜಾಗಾ ಇಲ್ಲ ನೋಡ್ರಿ."

ಅವಳು ಬಂದ ಹಾಗೆಯೇ ಅಡ್ಡಡ್ಡ ನಡೆದು ಹೊರಗೆ ಬಂದಳು. ಪುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತು, ಚಪ್ಪಲಿಯಿಂದ ಒಂದು ಹರಳು ಕೊಡವಿದಳು. "ನೀವು ಬೀಳ್ತೀರೋ ಇಲ್ಲೋ, ಅದನ್ನ ಅಪ್ಪ ಮಗಳು ಕೂಡಿ ಬಗೀಹರಸ್ರಿ. ನನಗ ಅದು ತಿಳ್ಯಾಂಗಿಲ್ಲ. ಆದ್ರ ಬಿದ್ದಿದ್ದು ನನ್ನ ಮ್ಯಾಲ ಬೀಳ್ತದ. ನಾ ಒಳಗ ಹೋಗೂದಿಲ್ಲ."

ಭಾನುವಾರ ಇಡೀ ಸಂಜೆ ನಾವಿಬ್ಬರೂ ಮೇಲಿರುವವನ ಬಗ್ಗೆಯೇ ಮಾತಾಡಿದ್ದೆವು. ಕೆಳಗೆ ಒಬ್ಬರು ನಿಲ್ಲುತ್ತಾರೆ ಎನ್ನುವುದು ಯಾವ ಪಕ್ಷದ ವಾದದಲ್ಲೂ ಬಂದಿರಲಿಲ್ಲ. ಬಯಲಲ್ಲಾದರೆ ಮೇಲಿನಿಂದ ಇಟ್ಟಂಗಿ ಜಾರಿದಾಗ "ಏ" ಎಂದು ಒಂದು ಕೂಗು, ಕೆಳಗಿನವರು ಹಾರಿ ಪಕ್ಕಕ್ಕೆ. ಸಂದಿಯಲ್ಲಿ ಕೂಗಿದರೂ ಹಾರುವುದೆಲ್ಲಿಗೆ? ಇಕ್ಕಟ್ಟು ಕಾಯುತ್ತದೆ ಎಂದು ನಂಬಿದ ಜನ, ಅದೇ ಇಕ್ಕಟ್ಟಿನ ತಳದಲ್ಲಿ ತಮ್ಮ ಹೆಂಡಿರನ್ನು ನಿಲ್ಲಿಸುತ್ತಾ ಬಂದಿದ್ದರು. ಯಾರೂ ದುಷ್ಟರಲ್ಲ. ಮೇಲೆ ನಿಂತವನಿಗೆ ಪುಟ್ಟಿ ಬರುವುದು ಕಾಣುತ್ತದೆ, ಕೊಟ್ಟವರು ಎಲ್ಲಿ ನಿಂತಿದ್ದಾರೆಂದು ಹಲಗೆ ಮರೆಮಾಡುತ್ತದೆ.

ಅಪ್ಪ ಬೆಲ್ಟು ಬಿಚ್ಚಿ ಕೆಳಗಿಳಿದು ಬಂದ. ಜಗಳವಾಗುತ್ತದೆ ಎಂದುಕೊಂಡೆ, ಆಗಲಿಲ್ಲ. ಅವ್ವನ ಪಕ್ಕದ ಇಟ್ಟಂಗಿ ರಾಶಿಯ ಮೇಲೆ ಕೂತು ಸಂದಿಯನ್ನು ನೋಡಿದ. "ಇಕಿ ವಾದ ಮಾಡೂದಿಲ್ಲ. ಕುಂತ ಬಿಡ್ತಾಳ," ಎಂದು ಮಾಲೀಕರಿಗೆ ಹೇಳಿದ, ಹವಾಮಾನದ ಬಗ್ಗೆ ಹೇಳಿದ ಹಾಗೆ.

"ಮತ್ತ ನನ್ನ ಗ್ವಾಡಿ?" ಎಂದರು ಮಾಲೀಕರು.

ಪಕ್ಕದ ಮನೆಯ ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಿದ್ದ ಮರಾಠಿ ಹೆಂಗಸು, ಇಲ್ಲಿಯ ಮಾತಿನಲ್ಲಿ ಕಾಕೂ, ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಕನ್ನಡ ಬರದಿದ್ದರೂ ಜಗಳದ ವಾಸನೆ ಹತ್ತದವರಾರು? ಕಟ್ಟೆಗೆ ಒರಗಿ, ಏನಾಯಿತೆಂದು ನನ್ನನ್ನು ಮರಾಠಿಯಲ್ಲಿ ಕೇಳಿದರು. ನಾನು ಮರಾಠಿಯಲ್ಲೇ ಎಲ್ಲ ಹೇಳಿದೆ. ಮಳೆ, ಸಂದಿ, ಗಿಲಾವು ಎಂದು ಹೇಳುತ್ತಿದ್ದಂತೆ ಅವರ ಮುಖ ಬದಲಾಯಿತು. ಮಳೆಗಾಲ ಬಂದರೆ ಅವರ ಮನೆಯ ಈ ಕಡೆಯ ಗೋಡೆಯೂ ಜಿನುಗುತ್ತದೆ, ಅದಕ್ಕೆ ಒರಗಿಸಿಟ್ಟ ಕಪಾಟಿನಲ್ಲಿ ಸೀರೆಗಳಿಗೆ ಬೂಸ್ಟು ಬರುತ್ತದೆ ಎಂದರು. ತಂಗಿಯ ಮನೆಯಲ್ಲಿ ಹೀಗೇ ಆಗುತ್ತಿತ್ತು, ಅವರು ಎರಡು ಮನೆಗಳ ನಡುವೆ ಮೇಲೊಂದು ಪತ್ರಾ ಹಾಸಿಬಿಟ್ಟರು ಎಂದೂ ಸೇರಿಸಿದರು. ತಗಡಿನ ಶೀಟಿಗೆ ಇಲ್ಲಿ ಪತ್ರಾ ಎನ್ನುತ್ತಾರೆ.

ನಾನು ಮಾಲೀಕರ ಕಡೆ ತಿರುಗಿದೆ. "ಸಾವ್ಕಾರ್ರ, ನೀವು ಕೇಳಿದ್ದಕ್ಕ ಉತ್ತರ ಸಿಕ್ತು ನೋಡ್ರಿ. ಸಂದ್ಯಾಗ ಮಳೀನ ಬರಲಿಲ್ಲಂದ್ರ ಗ್ವಾಡಿ ಯಾಕ ತೊಯ್ತದ?"

ಮಾಲೀಕರಿಗೂ ಕಾಕೂಗೂ ಗಾಡಿ ನಿಲ್ಲಿಸುವ ಜಾಗದ ವಿಷಯದಲ್ಲಿ ಮಾತು ಬಿಟ್ಟಿತ್ತಂತೆ. ಆದ್ದರಿಂದ ಮೊದಲರ್ಧ ಮಾತುಕತೆ ನನ್ನ ಮೂಲಕ ನಡೆಯಿತು, ಇಬ್ಬರಿಗೂ ಮರಾಠಿ ಚೆನ್ನಾಗಿ ಬರುತ್ತಿದ್ದರೂ. ಪತ್ರಾದ ಇಳಿಜಾರು ಯಾರ ಕಡೆಗೆ ಎಂಬಲ್ಲಿ ಒಂದಿಷ್ಟು ಬಿಸಿಯಾಯಿತು. ನೀರು ಇಬ್ಬರ ಕಡೆಗೂ ಬೇಡ, ಹಿಂದಿನ ಗಲ್ಲಿಗೆ ಬಿಡೋಣ ಎಂದಲ್ಲಿಗೆ ಬಂದು ನಿಂತಿತು. ಅಷ್ಟು ಹೊತ್ತಿಗೆ ಇಬ್ಬರೂ ನೇರವಾಗಿ ಒಬ್ಬರಿಗೊಬ್ಬರು ಕೂಗಾಡುತ್ತಿದ್ದರು, ನಾನು ಬೇಕಾಗಿರಲಿಲ್ಲ.

ಅಪ್ಪನಿಗೆ ಮಾತ್ರ ಮನಸ್ಸು ಒಪ್ಪಲಿಲ್ಲ. "ಒಳಗ ನಿಂತು ಕಟ್ಟೂದು ಏನ ದೊಡ್ಡದಲ್ಲ. ಇಟ್ಟಂಗಿ ನಡುವಿನ ಹೊರಗಿನ ಸಂದು ಮ್ಯಾಲಿಂದ ಬಗ್ಗಿ ಒತ್ತಕೋತ ಹೋಗಬಹುದು. ಆದ್ರ ಗಿಲಾವಿಲ್ಲದ ಗ್ವಾಡಿ ಅಂದ್ರ ಮೈಮ್ಯಾಲ ಅರಿವಿ ಇಲ್ಲದ ಮನಶ್ಯಾ ನಿಂತಂಗ."

"ಸಂದ್ಯಾಗ ನಿಂತಾನ. ಯಾರು ನೋಡ್ತಾರ ಬಿಡ್ರಿ," ಎಂದಳು ಅವ್ವ, ಪುಟ್ಟಿಯಿಂದ ಏಳುತ್ತಾ.

ಮೊದಲು ಹಾಕಿದ್ದನ್ನು ತೆಗೆಯಬೇಕಿತ್ತು. ಸಂದಿಯ ಎರಡೂ ಬಾಯಲ್ಲಿ ಯಾರೂ ನಿಲ್ಲದಂತೆ ನೋಡಿಕೊಂಡು ಅಪ್ಪ ಹಲಗೆ ಎಳೆದುಕೊಂಡ. ಬಿದಿರುಗಳಿಗೆ ಹಗ್ಗ ಕಟ್ಟಿ, ಒಳಗೆ ನಿಂತು ಮೆಲ್ಲಗೆ ತಟ್ಟಿ ಸಡಿಲಿಸಿ ಮೇಲೆಳೆದ. ಎರಡನೆಯದು ಬಿಟ್ಟುಬಂದಾಗ ಅವನು ಬಗ್ಗಿ ಗೋಡೆಯನ್ನು ನೋಡಿದ. ನಾನೂ ಹೋಗಿ ನೋಡಿದೆ. ಬಿದಿರು ಒತ್ತಿದ್ದ ಕಡೆ, ಮೇಲಿನ ಸಾಲಿನ ಕೆಳಗೆ ಮಾಲಿನಲ್ಲಿ ಕೂದಲೆಳೆಯಷ್ಟು ಒಂದು ಗೆರೆ.

"ಇದು ಮೊದಲ ಇತ್ತು," ಎಂದ ಅಪ್ಪ.

"ಇತ್ತೇನು?"

ಬೆರಳಿನಿಂದ ಗೆರೆಯನ್ನು ಒಮ್ಮೆ ಸವರಿದ. "ಇರಬಹುದು," ಎಂದ. ಆಮೇಲೆ ಆ ಸಾಲಿನ ಇಟ್ಟಂಗಿಗಳನ್ನು ಒಂದೊಂದಾಗಿ ಎತ್ತಿಟ್ಟು, ಹಳೆಯ ಮಾಲು ಕೆರೆದು, ಹೊಸದಾಗಿ ಕೂರಿಸಿದ.

ಆ ಗೆರೆಯನ್ನು ಸಾಕ್ಷಿ ಎಂದು ಎತ್ತಿ ತೋರಿಸಬಹುದಿತ್ತು. ನಾನು ತೋರಿಸಲಿಲ್ಲ. ಔದಾರ್ಯದಿಂದಲ್ಲ, ಅದು ಸಾಕ್ಷಿಯಾಗಲಾರದು ಎಂಬ ಕಾರಣಕ್ಕೆ. ಸುತ್ತಿಗೆಯ ಏಟಿಗೆ ಬಂದಿರಬಹುದು, ನಿಜಕ್ಕೂ ಮೊದಲೇ ಇದ್ದಿರಬಹುದು. ಅಪ್ಪ ಆ ಹಲಗೆಯ ಮೇಲೆ ದಿನವಿಡೀ ನಿಂತು ಗೋಡೆ ಮುಗಿಸಿ ಇಳಿದೂ ಬರಬಹುದಿತ್ತು. ಬೀಳದೆ ಹೋದ ಮನುಷ್ಯ ಬೀಳುತ್ತಿದ್ದನೆಂದು ಯಾವ ತೀರ್ಪುಗಾರರ ಮುಂದೆಯೂ ಸಾಧಿಸಲಾಗುವುದಿಲ್ಲ. ಇಂಥ ವಾದದಲ್ಲಿ ಗೆದ್ದವರ ಕೈಗೆ ಪುರಾವೆ ಸಿಗದು. ನನಗೆ ಅದು ಬೇಕೂ ಇರಲಿಲ್ಲ, ಅಂದು ಮೊದಲ ಸಲ.

ಒಳಗೆ ನಿಂತರೂ ತೊಡೆ ಮಟ್ಟದ ಗೋಡೆಯ ಮೇಲಿಂದ ಬಗ್ಗುವುದೆಂದರೆ ಮುಗ್ಗರಿಸಲು ಸಾಕಷ್ಟು ಅವಕಾಶ. ಕಾಂಕ್ರೀಟಿನ ಕಂಬಕ್ಕೆ ಹಗ್ಗ ಸುತ್ತಿ ಬಿಗಿದು, ಅದಕ್ಕೆ ಬೆಲ್ಟಿನ ಕೊಕ್ಕೆ ಸಿಗಿಸು ಎಂದೆ. ಬಗ್ಗಿದಾಗ ಕೈ ಹೊರಮೈಗೆ ಎಟುಕುವಷ್ಟು, ಅಂಚು ದಾಟಿ ಬೀಳದಷ್ಟು ಹಗ್ಗ. "ಇದು ಅಲ್ಲಾಡೂದಿಲ್ಲೇನು?" ಎಂದು ಕಂಬವನ್ನು ತಟ್ಟಿ ನನ್ನನ್ನು ಅಣಕಿಸಿದ. ಅಲ್ಲಾಡುವುದಿಲ್ಲ ಎಂದೆ. "ಯಾರಿಗೆ ಗೊತ್ತು?" ಎಂದ. ಅವ್ವ ಅವನ ಬಲಗೈಯ ಹತ್ತಿರ ಮಾಲಿನ ಪುಟ್ಟಿ ಇಟ್ಟು, ಅವನ ಹಿಂದೆ ಸ್ಲ್ಯಾಬಿನ ನಡುವೆ ಹೋಗಿ ನಿಂತಳು. ಅವಳ ಸುತ್ತ ನಾಲ್ಕೂ ಕಡೆ ಸರಿಯಲು ಜಾಗವಿತ್ತು.

ಕಾಕೂ ಚಹಾಕ್ಕೆ ಕರೆದರು. ಅವರ ಟೆರೇಸಿನಿಂದ ಅಪ್ಪ ಎದುರಿಗೇ ಕಾಣುತ್ತಿದ್ದ. ಇಟ್ಟಂಗಿ ಇಡುವುದು, ಬಗ್ಗುವುದು, ಇಟ್ಟಂಗಿಗಳ ನಡುವಿನ ಹೊರಗಿನ ಸಂದಿಗೆ ಮಾಲು ಒತ್ತಿ ಕರಣಿಯಿಂದ ತೀಡುವುದು. ಒಂದು ಸಾಲು ಮುಗಿದರೆ ಇನ್ನೊಂದು. ಪ್ರತಿ ಸಲ ಬಗ್ಗಿದಾಗಲೂ ಹಗ್ಗ ಬಿಗಿಯಾಗುತ್ತಿತ್ತು, ನಾನು ಬಟ್ಟಲನ್ನು ಬಿಗಿ ಹಿಡಿಯುತ್ತಿದ್ದೆ. ಊಟದ ಹೊತ್ತಿಗೆ ಗೋಡೆ ಅವನ ಸೊಂಟ ದಾಟಿತು. ಆಮೇಲೆ ಅವನು ಬಗ್ಗಿದರೂ ಹಗ್ಗ ಸಡಿಲವಾಗಿಯೇ ಇರುತ್ತಿತ್ತು. ಮುಂದಕ್ಕೆ ವಾಲಿದವನನ್ನು ಗೋಡೆಯೇ ಹಿಡಿಯುತ್ತಿತ್ತು. ತನ್ನನ್ನು ಕಾಯುವ ಕಟ್ಟೆಯನ್ನು ಅವನು ತಾನೇ ಸಾಲು ಸಾಲಾಗಿ ಏರಿಸುತ್ತಿದ್ದ. ಮಧ್ಯಾಹ್ನ ಇಳಿಯುವಾಗ ಅದು ಎದೆಗೆ ಬಂತು, ಅವನು ಕೊಕ್ಕೆ ಬಿಚ್ಚಿದ. ನನ್ನ ಭುಜಗಳು ಬೆಳಗಿನಿಂದ ಎಷ್ಟು ಮೇಲೇರಿ ನಿಂತಿದ್ದವೆಂದು ಅವು ಇಳಿದಾಗಲೇ ಗೊತ್ತಾಯಿತು. ಕಾಕೂ ಸೀರೆಗಳನ್ನು ಬಿಸಿಲಿಗೆ ಹರವುತ್ತಾ ಏನೇನೋ ಹೇಳುತ್ತಿದ್ದರು, ನಾನು ಹೂಂಗುಟ್ಟುತ್ತಿದ್ದೆ.

ಭುಜದವರೆಗೆ ಬಂದ ಮೇಲೆ ಅಪ್ಪ ನಿಲ್ಲಿಸಿದ. ಒಂದೇ ದಿನದಲ್ಲಿ ಅದಕ್ಕಿಂತ ಏರಿಸಿದರೆ ಕೆಳಗಿನ ಸಾಲುಗಳಿಗೆ ಭಾರವಾಗುತ್ತದೆ. ಕರಣಿ ತೊಳೆಯಲು ಬಗ್ಗಿದ, ಅವನ ತಲೆಯೂ ಮರೆಯಾಯಿತು. ಗೋಡೆಯ ಆಚೆ ಅವ್ವ ಏನೋ ಅಂದಳು, ಅವನು ನಕ್ಕ. ಮಾತು ಇಲ್ಲಿಯವರೆಗೆ ಬರಲಿಲ್ಲ.

ಕಾಕೂ ಸೀರೆ ಮಡಚುವುದನ್ನು ನಿಲ್ಲಿಸಿ ಆ ಕಡೆ ನೋಡಿದರು. "ಅಗ, ತುಝೇ ಬಾಬಾ ದಿಸತ್ ನಾಹೀತ್," ಎಂದರು. ನಿಮ್ಮಪ್ಪ ಕಾಣಿಸುತ್ತಲೇ ಇಲ್ಲವಲ್ಲ ಎಂದು.

ಹೌದು, ಕಾಣಿಸುವುದಿಲ್ಲ ಎಂದೆ. ಸಂಜೆ ಕಾಕೂ ಮತ್ತೆ ಕೊಟ್ಟು ಆಗಲೇ ಆರಿದ್ದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಇನ್ನೊಂದು ಬಟ್ಟಲು ಸಿಗುತ್ತದೆಯೇ ಎಂದು ಕೇಳಿದೆ.